ನೀಲಿ ಚುಕ್ಕಿಯ ಕೀಲಿ ಯಾರ ಕೈಯಲ್ಲಿ?

ಮೊಬೈಲಿನಲ್ಲಿ ಮ್ಯಾಪ್ ತೆರೆದರೆ ನೀಲಿ ಚುಕ್ಕಿಯೊಂದು ನಾವಿರುವ ಜಾಗ ತೋರಿಸುತ್ತದೆ. ಅದಕ್ಕೆ ಸಂಕೇತ ಕಳಿಸುವ ಉಪಗ್ರಹಗಳಿಗೆ ನಾವು ಒಂದು ಪೈಸೆಯನ್ನೂ ಕಟ್ಟುವುದಿಲ್ಲ. ಆದರೆ ಆ ಚುಕ್ಕಿ ಎಷ್ಟು ಸರಿಯಾಗಿ ಕೂರಬೇಕು ಎಂಬುದನ್ನು ಬಹಳ ವರ್ಷ ಬೇರೊಂದು ದೇಶವೇ ತೀರ್ಮಾನಿಸುತ್ತಿತ್ತು. ಈ ಸಲ ಆ ಕಥೆ ನೋಡೋಣ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅದರ ‘ಬೀಪ್ ಬೀಪ್’ ಸದ್ದನ್ನು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿಲಿಯಂ ಗಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ರೇಡಿಯೊದಲ್ಲಿ ಹಿಡಿದರು. ರೈಲು ಹತ್ತಿರ ಬರುವಾಗ ಅದರ ಕೂಗು ಕೀರಲಾಗಿ, ದೂರ ಹೋಗುವಾಗ ದಪ್ಪವಾಗಿ ಕೇಳುತ್ತದಲ್ಲ, ಉಪಗ್ರಹದ ಸಂಕೇತವೂ ಹಾಗೆಯೇ ಬದಲಾಗುತ್ತಿತ್ತು. ಅದನ್ನೇ ಲೆಕ್ಕ ಹಾಕಿ ಸ್ಪುಟ್ನಿಕ್ ಸಾಗುವ ದಾರಿಯನ್ನು ಕಂಡುಹಿಡಿದರು.

1958ರಲ್ಲಿ ಅದೇ ಪ್ರಯೋಗಾಲಯದ ಫ್ರಾಂಕ್ ಮೆಕ್‌ಲೂರ್ ಈ ಲೆಕ್ಕವನ್ನು ತಿರುಗಿಸಿದರು. ಉಪಗ್ರಹ ಎಲ್ಲಿದೆ ಎಂದು ಗೊತ್ತಿದ್ದರೆ, ಸಂಕೇತ ಕೇಳುತ್ತಿರುವವರು ಭೂಮಿಯ ಮೇಲೆ ಎಲ್ಲಿದ್ದಾರೆ ಎಂದೂ ಹೇಳಬಹುದು. ಹೀಗೆ ‘ಟ್ರಾನ್ಸಿಟ್’ ವ್ಯವಸ್ಥೆ ಹುಟ್ಟಿತು. ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳಿಗೆ ದಾರಿ ತೋರಿಸುವುದು ಅದರ ಕೆಲಸ. ಆದರೆ ಉಪಗ್ರಹ ತಲೆ ಮೇಲೆ ಬರುವ ತನಕ ಕಾಯಬೇಕಿತ್ತು.

ಮುಂದೆ ಬಂದದ್ದು ಜಿಪಿಎಸ್. ಮೊದಲ ಉಪಗ್ರಹ 1978ರಲ್ಲಿ ಹಾರಿತು. ಇದರ ಜೀವಾಳ ಗಡಿಯಾರ. ರೇಡಿಯೊ ಸಂಕೇತ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ. ಅದು ಹೊರಟ ಸಮಯ ಮತ್ತು ಫೋನಿಗೆ ತಲುಪಿದ ಸಮಯದಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಫೋನ್ ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 300 ಮೀಟರ್ ವ್ಯತ್ಯಾಸ ಬರುತ್ತದೆ. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇರುತ್ತದೆ. ಫೋನಿನ ಗಡಿಯಾರ ಅಷ್ಟು ನಿಖರವಲ್ಲ. ಆದ್ದರಿಂದ ಜಾಗ ಗುರುತಿಸಲು ಮೂರು ಉಪಗ್ರಹ, ಸಮಯ ಸರಿಪಡಿಸಲು ಇನ್ನೊಂದು, ಒಟ್ಟು ನಾಲ್ಕು ಬೇಕು.

1983ರ ಸೆಪ್ಟೆಂಬರ್ 1ರಂದು ದಕ್ಷಿಣ ಕೊರಿಯಾದ ಪ್ರಯಾಣಿಕರ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಯಿತು. ಸೋವಿಯತ್ ಸೇನೆ ಅದನ್ನು ಹೊಡೆದುರುಳಿಸಿತು. 269 ಮಂದಿ ಸತ್ತರು. ಜಿಪಿಎಸ್ ಸಿದ್ಧವಾದ ಮೇಲೆ ಜನಸಾಮಾನ್ಯರೂ ಬಳಸಬಹುದು ಎಂದು ಅಧ್ಯಕ್ಷ ರೇಗನ್ ಸರ್ಕಾರ ಘೋಷಿಸಿತು.

ಆದರೆ ಕೊಟ್ಟದ್ದು ಬೇಕೆಂದೇ ಕೆಡಿಸಿದ ಸಂಕೇತ. ಸೇನೆಗೆ ನಿಖರ ಜಾಗ ಸಿಕ್ಕರೆ, ಉಳಿದವರಿಗೆ 100 ಮೀಟರ್‌ವರೆಗೂ ತಪ್ಪು. ಒಂದು ಎಕರೆಯ ಚೌಕಕ್ಕೆ ಒಂದೊಂದು ಬದಿ ಸುಮಾರು 64 ಮೀಟರ್. ಅಂದರೆ ನಿಮ್ಮ ಹೊಲದಲ್ಲಿ ನಿಂತರೂ ಚುಕ್ಕಿ ಪಕ್ಕದವರ ಹೊಲದಲ್ಲಿ ಕೂರಬಹುದಿತ್ತು. 2000ದ ಮೇ ತಿಂಗಳಲ್ಲಿ ಕ್ಲಿಂಟನ್ ಸರ್ಕಾರ ಈ ಕಲಬೆರಕೆ ನಿಲ್ಲಿಸಿತು. ಒಂದೇ ಆದೇಶಕ್ಕೆ ಜಗತ್ತಿನ ಎಲ್ಲ ಜಿಪಿಎಸ್ ಯಂತ್ರಗಳೂ ಸುಧಾರಿಸಿದವು. ಕೀಲಿ ಯಾರ ಬಳಿ ಇದೆ ಎಂಬುದು ಎಲ್ಲರಿಗೂ ಅರ್ಥವಾಯಿತು.

ರಷ್ಯಾ, ಯುರೋಪ್, ಚೀನಾ ತಮ್ಮದೇ ವ್ಯವಸ್ಥೆ ಕಟ್ಟಿಕೊಂಡವು. ಭಾರತ 2013ರ ಜುಲೈ 1ರಂದು ತನ್ನ ಮೊದಲ ಪಥದರ್ಶಕ ಉಪಗ್ರಹ ಹಾರಿಸಿತು. 2016ರಲ್ಲಿ ಈ ವ್ಯವಸ್ಥೆಗೆ ‘ನಾವಿಕ್’ ಎಂದು ಹೆಸರಾಯಿತು. ಇದರ ಇಸ್ರೋ ಕೇಂದ್ರ ಇರುವುದು ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿ. ಉಪಗ್ರಹಗಳ ನಿಯಂತ್ರಣದಲ್ಲಿ ಹಾಸನದ ಕೇಂದ್ರಕ್ಕೂ ಪಾಲಿದೆ.

ಹಾದಿ ಸುಲಭವಿರಲಿಲ್ಲ. ಮೊದಲ ಉಪಗ್ರಹದ ಮೂರೂ ಗಡಿಯಾರ ಕೈಕೊಟ್ಟವು. ಅವು ವಿದೇಶದಿಂದ ತರಿಸಿದವು. ಅದರ ಬದಲಿಗೆ 2017ರಲ್ಲಿ ಹಾರಿಸಿದ ಉಪಗ್ರಹ, ರಾಕೆಟ್ಟಿನ ಮೇಲಿನ ಕವಚ ಬಿಚ್ಚಿಕೊಳ್ಳದೆ ನಷ್ಟವಾಯಿತು. ಕೊನೆಗೆ 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಭಾರತದಲ್ಲೇ ತಯಾರಾದ ಪರಮಾಣು ಗಡಿಯಾರವಿತ್ತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ನಿಗದಿತ ಕಕ್ಷೆ ಸೇರಲಿಲ್ಲ. ಕೆಲಸ ಇನ್ನೂ ಬಾಕಿ ಇದೆ.

ಕೊನೆಗೊಂದು ಮಾತು. ಈಗಲೂ ಫೋನಿನ ಚುಕ್ಕಿ ಕೆಲವು ಮೀಟರ್ ಆಚೀಚೆ ಆಗುತ್ತದೆ. ಒಂದು ಗುಂಟೆಯ ಬದಿ 33 ಅಡಿ, ಅಂದರೆ ಸುಮಾರು 10 ಮೀಟರ್ ಮಾತ್ರ. ಆದ್ದರಿಂದ ಬದುವಿನ ತಕರಾರಿಗೆ ಮೊಬೈಲ್ ಆ್ಯಪ್ ನಂಬಿ ಕಲ್ಲು ಕೀಳಬೇಡಿ. ಸರ್ವೆಯವರ ಯಂತ್ರವೂ ಉಪಗ್ರಹವನ್ನೇ ನೋಡುತ್ತದೆ ನಿಜ, ಆದರೆ ಜಾಗ ಮೊದಲೇ ಗೊತ್ತಿರುವ ನೆಲದ ಕೇಂದ್ರದ ನೆರವಿನಿಂದ ತಪ್ಪನ್ನು ತಿದ್ದಿಕೊಂಡು ಅಳೆಯುತ್ತದೆ. ಗಡಿಗೆ ಅರ್ಜಿ ಹಾಕಿ ಅಳತೆ ಮಾಡಿಸುವುದೇ ಸರಿ.