ಯಾದಗಿರಿ ಜಿಲ್ಲೆಯಿಂದ ವಾಯುದೂರ ಮತ್ತು ಪ್ರಯಾಣದ ಅವಧಿ

ಯಾದಗಿರಿ, ಶಹಾಪುರ ಮತ್ತು ಸುರಪುರ ಕರ್ನಾಟಕ ರಾಜ್ಯದ ಯಾದಗಿರಿ ಜಿಲ್ಲೆಯ ಪ್ರಮುಖ ಪಟ್ಟಣಗಳು. 2009ರ ಡಿಸೆಂಬರ್‌ನಲ್ಲಿ ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಈ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. ಆದ್ದರಿಂದ ಇಲ್ಲಿಂದ ದೂರದ ನಗರಗಳಿಗೆ ತಗಲುವ ಸಮಯವನ್ನು ಹಾರಾಟದ ಅವಧಿಗಿಂತ ನಿಲ್ದಾಣ ತಲುಪುವ ನೆಲದ ಪ್ರಯಾಣವೇ ಹೆಚ್ಚಾಗಿ ನಿರ್ಧರಿಸುತ್ತದೆ.

ವಾಯುದೂರ

ಭೂಮಿಯ ಮೇಲ್ಮೈಯಲ್ಲಿ ಎರಡು ಸ್ಥಳಗಳ ನಡುವಿನ ಅತಿ ಹ್ರಸ್ವ ಅಂತರವನ್ನು ವಾಯುದೂರ ಎನ್ನುತ್ತಾರೆ. ಯಾದಗಿರಿ ಪಟ್ಟಣದಿಂದ ಈ ಅಂತರಗಳು ಸರಿಸುಮಾರು ಹೀಗಿವೆ:

- ಕಲಬುರಗಿ ವಿಮಾನ ನಿಲ್ದಾಣ: 62 ಕಿ.ಮೀ.
- ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ: 147 ಕಿ.ಮೀ.
- ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ: 400 ಕಿ.ಮೀ.
- ದುಬೈ: 2,440 ಕಿ.ಮೀ.

ಸಮೀಪದ ವಿಮಾನ ನಿಲ್ದಾಣಗಳು

ಅತಿ ಹತ್ತಿರದ ಕಲಬುರಗಿ ವಿಮಾನ ನಿಲ್ದಾಣವು 2019ರ ನವೆಂಬರ್ 22ರಂದು ಉದ್ಘಾಟನೆಗೊಂಡಿತು. ಅಲ್ಲಿಂದ ಬೆಂಗಳೂರಿಗೆ ವಾಯುದೂರ ಸುಮಾರು 460 ಕಿ.ಮೀ. ಇದ್ದು, ಹಾರಾಟಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು ಸಮಯ ಬೇಕಾಗುತ್ತದೆ. ವಿದೇಶ ಪ್ರಯಾಣಕ್ಕೆ ಸಮೀಪದ ಅಂತರರಾಷ್ಟ್ರೀಯ ನಿಲ್ದಾಣ ಶಂಷಾಬಾದ್. ಇದು 2008ರಲ್ಲಿ ಕಾರ್ಯಾರಂಭ ಮಾಡಿತು.

ನಿದರ್ಶನ: ಸುರಪುರದಿಂದ ದುಬೈಗೆ

ದುಬೈ ಯಾದಗಿರಿ ಜಿಲ್ಲೆಯ ವಾಯವ್ಯಕ್ಕಿದೆ. ಆದರೆ ಶಂಷಾಬಾದಿನ ಮೂಲಕ ಹೋಗುವ ಪ್ರಯಾಣಿಕರು ಮೊದಲು ಪೂರ್ವಕ್ಕೆ ಸಾಗಬೇಕು. ಸುರಪುರದಿಂದ ಶಹಾಪುರ, ಯಾದಗಿರಿ ಮಾರ್ಗವಾಗಿ ಶಂಷಾಬಾದ್ ತಲುಪಲು ರಸ್ತೆಯಲ್ಲಿ 5ರಿಂದ 6 ಗಂಟೆ ಹಿಡಿಯುತ್ತದೆ. ಅಂತರರಾಷ್ಟ್ರೀಯ ಪ್ರಯಾಣಿಕರು ಸಾಮಾನ್ಯವಾಗಿ 3 ಗಂಟೆ ಮುಂಚಿತವಾಗಿ ನಿಲ್ದಾಣದಲ್ಲಿರಬೇಕಾಗುತ್ತದೆ. ಹೈದರಾಬಾದ್–ದುಬೈ ನಡುವಿನ ಸುಮಾರು 2,550 ಕಿ.ಮೀ. ನೇರ ಹಾರಾಟಕ್ಕೆ 4 ಗಂಟೆಯಷ್ಟು ಬೇಕು. ಹೀಗೆ ಒಟ್ಟು 12–13 ಗಂಟೆಗಳಲ್ಲಿ ಹಾರಾಟದ ಪಾಲು ಮೂರನೆಯ ಒಂದು ಭಾಗ ಮಾತ್ರ.

ದುಬೈ ಸಮಯವು ಭಾರತೀಯ ಕಾಲಮಾನಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಬೆಳಿಗ್ಗೆ 10ಕ್ಕೆ ಹೊರಟ ವಿಮಾನ 4 ಗಂಟೆ ಹಾರಿದರೆ ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ 12.30 ಆಗಿರುತ್ತದೆ. ಚಳಿಗಾಲದಲ್ಲಿ ಎತ್ತರದ ಪಶ್ಚಿಮ ಮಾರುತಗಳು ಎದುರಾಗುವುದರಿಂದ ಹೋಗುವ ಹಾರಾಟಕ್ಕಿಂತ ಮರಳುವ ಹಾರಾಟ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.

ರೈಲು ಮತ್ತು ರಸ್ತೆ

ಯಾದಗಿರಿ ರೈಲು ನಿಲ್ದಾಣವು ಮುಂಬಯಿ–ಚೆನ್ನೈ ಮುಖ್ಯ ಮಾರ್ಗದಲ್ಲಿದೆ. ಮುಂಬಯಿ ಕಡೆಯ ಹಾಗೂ ಮದರಾಸು ಕಡೆಯ ರೈಲುಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಉದ್ಯಾನ್ ಎಕ್ಸ್‌ಪ್ರೆಸ್ ಮತ್ತು ಕರ್ನಾಟಕ ಎಕ್ಸ್‌ಪ್ರೆಸ್ ಈ ಮಾರ್ಗದ ಪ್ರಮುಖ ರೈಲುಗಳು. ಬೆಂಗಳೂರಿಗೆ ರೈಲಿನಲ್ಲಿ ಸುಮಾರು 9–10 ಗಂಟೆ ಹಿಡಿಯುತ್ತದೆ.

ಶಹಾಪುರ ಮತ್ತು ಸುರಪುರದವರು ರೈಲು ಹಿಡಿಯಲು ಭೀಮಾ ನದಿಯನ್ನು ದಾಟಿ ಯಾದಗಿರಿಗೆ ಬರುತ್ತಾರೆ. ಶಹಾಪುರದಿಂದ ಯಾದಗಿರಿಗೆ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಹಾಗೂ ಸುರಪುರದಿಂದ ಶಹಾಪುರಕ್ಕೆ ಸುಮಾರು 25 ಕಿ.ಮೀ. ಅಂತರವಿದೆ. ಗದಗ–ವಾಡಿ ಹೊಸ ರೈಲು ಮಾರ್ಗವನ್ನು ಈ ಎರಡೂ ತಾಲ್ಲೂಕುಗಳ ಮೂಲಕ ಯೋಜಿಸಲಾಗಿದೆ.

ಮಹತ್ವ

ಮಳೆಯಾಶ್ರಿತ ಕೃಷಿಯನ್ನು ನೆಚ್ಚಿದ ಜಿಲ್ಲೆಯ ಅನೇಕ ಕುಟುಂಬಗಳು ಕಟ್ಟಡ ಕೆಲಸಕ್ಕಾಗಿ ಬೆಂಗಳೂರು, ಮುಂಬಯಿ, ಹೈದರಾಬಾದ್ ನಗರಗಳಿಗೆ ಗುಳೆ ಹೋಗುತ್ತವೆ. ಇವರು ಅವಲಂಬಿಸಿರುವುದು ಮುಖ್ಯವಾಗಿ ರೈಲು ಮತ್ತು ಬಸ್ಸುಗಳನ್ನು. ಊರಿನಲ್ಲಿ ಸಾವು, ಕಾಯಿಲೆ ಸಂಭವಿಸಿದಾಗ ಎಷ್ಟು ಹೊತ್ತಿಗೆ ಮನೆ ಸೇರಬಹುದೆಂಬುದು ರೈಲಿನ ವೇಳಾಪಟ್ಟಿ ಮತ್ತು ಯಾದಗಿರಿಯಿಂದ ಮುಂದಿನ ಬಸ್ ಸಂಪರ್ಕವನ್ನು ಆಧರಿಸಿರುತ್ತದೆ.