ಸರ್ವರ್

ಸರ್ವರ್ ಇಂಗ್ಲಿಷಿನಿಂದ ಬಂದ ನಾಮಪದ. ಇದರ ಬೇರು ಲ್ಯಾಟಿನ್ನಿನ ‘ಸರ್ವೀರೆ’, ಅಂದರೆ ಸೇವೆ ಮಾಡು. ‘ಸರ್ವರಿಗೂ ಸ್ವಾಗತ’ ಎನ್ನುವಲ್ಲಿನ ಸಂಸ್ಕೃತದ ‘ಸರ್ವ’ಕ್ಕೂ ಇದಕ್ಕೂ ನಂಟಿಲ್ಲ. ಕನ್ನಡಿಗರಿಗೆ ಈ ಪದ ಮೊದಲು ಪರಿಚಯವಾದದ್ದು ಹೋಟೆಲಿನಲ್ಲಿ, ತಿಂಡಿ ತಂದಿಡುವವನ ಹೆಸರಾಗಿ. ಬೇರೆ ಕಂಪ್ಯೂಟರುಗಳು ಕೇಳಿದ ಮಾಹಿತಿಯನ್ನು ಒದಗಿಸುವ ಯಂತ್ರ ಎಂಬ ಅರ್ಥ ಇಂಟರ್ನೆಟ್ಟಿಗೆ ಮುಂಚಿನ ಜಾಲವಾದ ಅರ್ಪಾನೆಟ್ಟಿನ 1969ರ ದಾಖಲೆಗಳಲ್ಲೇ ಇದೆ.

ವಿಜಯಪುರ ಜಿಲ್ಲೆಯ ತಾಂಬಾ, ಇಂಡಿ, ಸಿಂದಗಿ ಸೀಮೆಯಲ್ಲಿ ಪದದ ಅರ್ಥ ಇನ್ನೂ ಹಿಗ್ಗಿದೆ. ಕೈಬರಹದ ಉತಾರ, ಅಂದರೆ ಪಹಣಿ, 2000ದ ಸುಮಾರಿಗೆ ‘ಭೂಮಿ’ ತಂತ್ರಾಂಶಕ್ಕೆ ಸೇರತೊಡಗಿತು. ಆಮೇಲೆ ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಯಂತ್ರ ಬಂತು. ಅಂದಿನಿಂದ ‘ಸರ್ವರ್ ಇಲ್ರಿ’ ದಿನಬಳಕೆಯ ಮಾತು. ನೆಟ್‌ವರ್ಕ್ ಸಿಗದಿದ್ದರೂ, ದುಡಿದು ಸವೆದ ಬೆರಳಿನ ಗುರುತು ಹೊಂದದಿದ್ದರೂ, ದೂರದ ಯಂತ್ರವೇ ನಿಂತಿದ್ದರೂ ಉತ್ತರ ಅದೊಂದೇ. ಇದು ಪದದ ದೊಡ್ಡ ಕೊರತೆ. ನೆಟ್‌ವರ್ಕಿನ ತೊಡಕಾದರೆ ಕಾಯಬಹುದು. ಬೆರಳಿನ ತೊಡಕಾದರೆ ಎಷ್ಟು ಕಾದರೂ ಪ್ರಯೋಜನವಿಲ್ಲ, ಆಧಾರ್ ಕೇಂದ್ರಕ್ಕೆ ಹೋಗಿ ಗುರುತು ಹೊಸದಾಗಿ ಕೊಡಬೇಕಾಗಬಹುದು. ಕೂಲಿ ಬಿಟ್ಟು ಸಾಲಿನಲ್ಲಿ ನಿಂತವರಿಗೆ ಈ ವ್ಯತ್ಯಾಸ ತಿಳಿಯಲೇಬೇಕು. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಾರರ ಬಾಯಲ್ಲಿ ‘ಸರ್ವರ್ ಡೌನ್’ ಎಂದರೆ ಯಂತ್ರ ಅಥವಾ ಅದರ ಮೇಲಿನ ತಂತ್ರಾಂಶ ನಿಂತಿದೆ ಎಂದಷ್ಟೇ ಅರ್ಥ.

ಕನ್ನಡದಲ್ಲಿ ಪದಕ್ಕೆ ಎರಡು ಲಿಂಗ. ಹೋಟೆಲಿನ ಸರ್ವರ್ ‘ಬಂದ’, ಕಂಪ್ಯೂಟರಿನದು ‘ಬಂತು’. ಕರೆಂಟಿನ ಹಾಗೆ ಇದೂ ಬರುತ್ತದೆ, ಹೋಗುತ್ತದೆ: ‘ಸರ್ವರ್ ಬಂದೈತೇನ್ರಿ?’