ನೂರು ಮೈಲಿ ಕಲ್ಲುದಾರಿ

ತೀರ್ಥಹಳ್ಳಿ ಸೀಮೆಯಲ್ಲಿ ದನ, ಎಮ್ಮೆಗಳ ಡಾಕ್ಟರಾಗಿದ್ದು ನಿವೃತ್ತನಾದವನು ನಾನು. ಕುದುರೆ ನೋಡಿದ್ದು ಕಡಿಮೆ. ಮಗಳು ಕ್ಯಾಲಿಫೋರ್ನಿಯಾದ ಆಬರ್ನ್ ಊರಿನಲ್ಲಿ ನೆಲೆಸಿದ ಮೇಲೆ, ಅಲ್ಲಿನ ಟೆವಿಸ್ ಕಪ್ ಸವಾರಿಯ ಹುಚ್ಚು ನನಗೂ ಹತ್ತಿತು. ಟಾಹೋ ಸರೋವರದ ಕಡೆಯಿಂದ ಹೊರಟು, ಸಿಯೆರಾ ನೆವಾಡ ಬೆಟ್ಟಸಾಲು ದಾಟಿ, ಆಬರ್ನ್ ಮುಟ್ಟುವ 100 ಮೈಲಿ ಹಾದಿ ಅದು. ಸಮಯ 24 ಗಂಟೆ. ನಡುವೆ ಕುದುರೆ ಬದಲಿಸುವಂತಿಲ್ಲ.

ಸವಾರಿಗಿಂತ ದಾರಿ ಬಹಳ ಹಳೆಯದು. ಮೊದಲು ಅಲ್ಲಿನ ಮೂಲನಿವಾಸಿಗಳು ನಡೆದರು. 19ನೇ ಶತಮಾನದ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳಿಗೂ ನೆವಾಡದ ಬೆಳ್ಳಿ ಗಣಿಗಳಿಗೂ ನಡುವೆ ಜನ ಓಡಾಡಿದರು. ಗಣಿಗಳ ಕಾಲ ಮುಗಿದ ಮೇಲೆ ಕೇಳುವವರಿರಲಿಲ್ಲ. 1955ರ ಆಗಸ್ಟ್‌ನಲ್ಲಿ ಆಬರ್ನ್‌ನ ಮರದ ವ್ಯಾಪಾರಿ ವೆಂಡೆಲ್ ರೋಬಿ, ಈಗಿನ ಕುದುರೆಗಳಿಗೆ ಒಂದೇ ದಿನದಲ್ಲಿ ನೂರು ಮೈಲಿ ಆಗದು ಎಂದವರಿಗೆ ಉತ್ತರ ಕೊಡಲು ಹೊರಟ. ಜೊತೆಗೆ ನಾಲ್ವರು. ಐವರಲ್ಲಿ ನಾಲ್ವರು ಗುರಿ ಮುಟ್ಟಿದರು. ರೋಬಿ ಏರಿದ್ದು ಅರಬ್ಬಿ ಕುದುರೆ, ಹೆಸರು ಬಂಡೋಸ್. ಇಂದಿಗೂ ಆ ದಾರಿಯಲ್ಲಿ ಅರಬ್ಬಿ ತಳಿಯದೇ ಮೇಲುಗೈ.

ದೂರಕ್ಕಿಂತ ಕಲ್ಲಿನ ಕಾಟ ದೊಡ್ಡದು. ಸುಮಾರು 8,700 ಅಡಿ ಎತ್ತರದ ಎಮಿಗ್ರಂಟ್ ಪಾಸ್ ದಾಟಿದರೆ ಗ್ರಾನೈಟ್ ಚೀಫ್ ಕಾಡು. ಹಿಮ ಕರಗಿದ ನೀರು ಹರಿದು ಕೆಸರು, ಕೆಸರಿನೊಳಗೆ ಹುದುಗಿದ ಗುಂಡುಗಲ್ಲು, ಅದರಾಚೆ ನುಣ್ಣನೆಯ ಬಂಡೆ. ಹಾವಸೆ ಹಿಡಿದ ಕಲ್ಲಿನ ಮೇಲೆ ಎತ್ತು ಜಾರಿ ಕಾಲು ಮುರಿದುಕೊಂಡದ್ದನ್ನು ಮಲೆನಾಡಿನಲ್ಲಿ ಕಂಡವನು ನಾನು. ಆದರೆ ಎತ್ತಿನ ಗೊರಸು ಸೀಳಿದ್ದು, ಎರಡು ಬೆರಳಿನಂತೆ ಅಗಲಿಸಿ ನೆಲ ಹಿಡಿಯುತ್ತದೆ. ಕುದುರೆಗೆ ಇರುವುದು ಒಂದೇ ಗೊರಸು. ಅದಕ್ಕೆ ಕಬ್ಬಿಣದ ಲಾಳ ಹೊಡೆದರೆ ಸವೆತವೇನೋ ತಪ್ಪುತ್ತದೆ, ಆದರೆ ಒದ್ದೆ ಬಂಡೆಯ ಮೇಲೆ ಕಬ್ಬಿಣಕ್ಕೆ ಹಿಡಿತವಿಲ್ಲ. ಲಾಳಕ್ಕೆ ಟಂಗ್‌ಸ್ಟನ್ ಕಾರ್ಬೈಡ್‌ನ ಹರಳು ಬೆಸೆದು ಕಚ್ಚುವಂತೆ ಮಾಡುವುದುಂಟು. ನನಗೆ ಆ ಉಪಾಯ ಪೂರ್ತಿ ಒಪ್ಪಿಗೆಯಿಲ್ಲ: ಕಾಲು ತಟ್ಟನೆ ನಿಂತರೆ ತಿರುಚಿದ ಭಾರವೆಲ್ಲ ಗಂಟುಗಳ ಮೇಲೆ ಬೀಳುತ್ತದೆ. ಲಾಳದ ಬದಲು ಪ್ಲಾಸ್ಟಿಕ್ ಬೂಟು ಅಂಟಿಸಿ ಈ ನೂರು ಮೈಲಿ ಮುಗಿಸಿದ ಕುದುರೆಗಳು ಈಗ ಬೇಕಾದಷ್ಟಿವೆ.

ಬೂಟು, ಲಾಳ ಏನೇ ಇರಲಿ, ಕುದುರೆಯ ಮೇಲೆ ಕೂತವನು ಏನು ಮಾಡದೆ ಇರುತ್ತಾನೆ ಎಂಬುದೇ ಮುಖ್ಯ. ಕುದುರೆ ತೂಕ ಸರಿಮಾಡಿಕೊಳ್ಳುವುದು ತಲೆ, ಕುತ್ತಿಗೆಯಿಂದ. ಹೆದರಿದ ಸವಾರ ಲಗಾಮು ಜಗ್ಗಿದರೆ ತಲೆ ಮೇಲಾಗುತ್ತದೆ, ಹಿಂಗಾಲು ಜಾರುತ್ತದೆ. ಹಾಗಾಗಿ ಜಾರು ಕಲ್ಲಿನ ಮೇಲೆ ಲಗಾಮು ಸಡಿಲ, ನಡಿಗೆ ನಿಧಾನ, ಮುಂದಿನ ಕುದುರೆಯಿಂದ ದೂರ. ಜಾರು ಇಳಿಜಾರಿನಲ್ಲಿ ಅಡ್ಡಡ್ಡ ಹೋಗದೆ ನೇರ ಇಳಿಯಬೇಕು. ನೇರ ಜಾರಿದರೆ ಹಿಂಗಾಲಿನ ಮೇಲೆ ಕೂತು ಸಾವರಿಸಿಕೊಳ್ಳಬಹುದು, ಅಡ್ಡ ಜಾರಿದರೆ ಉರುಳುವುದೇ. ಬಲ್ಲ ಸವಾರರು ಕಡಿದಾದ ಕಣಿವೆಯಲ್ಲಿ ಕೆಳಗಿಳಿದು ತಾವೇ ಓಡುತ್ತಾರೆ. ಏರಿನಲ್ಲಿ ಕುದುರೆಯನ್ನು ಮುಂದೆ ಬಿಟ್ಟು ಬಾಲ ಹಿಡಿದು ಹತ್ತುತ್ತಾರೆ. ಇಕ್ಕಟ್ಟು ಹಾದಿಯಲ್ಲಿ ಗುಡ್ಡದ ಕಡೆಗೇ ಇಳಿಯಬೇಕು, ಪ್ರಪಾತದ ಕಡೆಗಲ್ಲ. ಎಡಗಡೆಯಿಂದ ಮಾತ್ರ ಹತ್ತಿಳಿಯುವ ರೂಢಿ ಇಲ್ಲಿ ನಡೆಯದು. ಎರಡೂ ಕಡೆಯಿಂದ ಇಳಿಯಲು ಕುದುರೆಗೆ ಮೊದಲೇ ಕಲಿಸಿರಬೇಕು. ಕತ್ತಲಾದ ಮೇಲಂತೂ ಸವಾರನಿಗಿಂತ ಕುದುರೆಗೇ ಕಣ್ಣು ಚೆನ್ನ. ಸವಾರನಿಗೂ ಅಷ್ಟಿಷ್ಟು ಬೆಳಕಿರಲೆಂದೇ ಸವಾರಿಯನ್ನು ಹುಣ್ಣಿಮೆಯ ಆಸುಪಾಸಿಗೆ ಇಡುವ ವಾಡಿಕೆ.

ದಾರಿಯುದ್ದಕ್ಕೂ ಪಶುವೈದ್ಯರ ತಪಾಸಣೆ. ರಾಬಿನ್ಸನ್ ಫ್ಲಾಟ್, ಫಾರೆಸ್ಟ್‌ಹಿಲ್‌ಗಳಲ್ಲಿ ಒಂದೊಂದು ಗಂಟೆ ಕಡ್ಡಾಯ ವಿಶ್ರಾಂತಿ. ನಾಡಿ ನಿಮಿಷಕ್ಕೆ 60–64ಕ್ಕೆ ಇಳಿಯಬೇಕು, ವಸಡಿನ ಬಣ್ಣ ಸರಿ ಇರಬೇಕು, ಹೊಟ್ಟೆಯಲ್ಲಿ ಸದ್ದು ಕೇಳಬೇಕು. ಆಮೇಲೆ ಹಗ್ಗ ಹಿಡಿದು ಓಡಿಸಿ ನೋಡುತ್ತಾರೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ. ಈ ಪಾಠ ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲೂ ಇದೇ. ಕುಂಟಿದರೆ ಸವಾರಿ ಅಲ್ಲಿಗೇ ಮುಗಿಯಿತು. ಹೊರಟವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಆಬರ್ನ್ ಮುಟ್ಟುವುದಿಲ್ಲ. 1973ರಲ್ಲಿ ಸವಾರ ಗೋರ್ಡಿ ಐನ್ಸ್‌ಲಿಯ ಕುದುರೆ ಹೀಗೆಯೇ ಕುಂಟಿ ನಿಂತಿತು. ಮರುವರ್ಷ ಆತ ಕುದುರೆಯ ಗೊಡವೆಯೇ ಬೇಡವೆಂದು ಅದೇ ದಾರಿಯನ್ನು 23 ಗಂಟೆ 42 ನಿಮಿಷದಲ್ಲಿ ಓಡಿ ಮುಗಿಸಿದ. ಮನುಷ್ಯರ ವೆಸ್ಟರ್ನ್ ಸ್ಟೇಟ್ಸ್ ಓಟ ಹುಟ್ಟಿದ್ದು ಅಲ್ಲಿಂದ.

ಕೊನೆಗೆ, ಇದೇ ದಾರಿಯಲ್ಲಿ ಸಿಗುವ ಕೂಗರ್ ರಾಕ್ ವಿಷಯ. ಜ್ವಾಲಾಮುಖಿಯ ಕಲ್ಲಿನ ಕಡಿದಾದ ಕೋಡು ಅದು. ಅದರ ನೆತ್ತಿಯ ಮೇಲೆ ಕುದುರೆ ಹಾರುವ ಫೋಟೋ ಈ ಸವಾರಿಯ ಗುರುತೇ ಆಗಿಬಿಟ್ಟಿದೆ. ಮೈಚಳಿ ಬಿಟ್ಟ ಕುದುರೆ ಹತ್ತಿಬಿಡುತ್ತದೆ. ಮಧ್ಯದಲ್ಲಿ ಅಳುಕಿ ನಿಂತದ್ದು ಹಿಂದಕ್ಕೆ ಜಾರುತ್ತದೆ. ಪಕ್ಕದಲ್ಲೇ ಬಂಡೆಯನ್ನು ಬಳಸಿ ಹೋಗುವ ದಾರಿಯಿದೆ, ಅದರಲ್ಲಿ ಹೋದರೆ ನಿಯಮಭಂಗವೇನೂ ಅಲ್ಲ. ನನ್ನನ್ನು ಕೇಳಿದರೆ ಬಳಸಿಯೇ ಹೋಗಿ ಎನ್ನುತ್ತೇನೆ. ಸಮಯದೊಳಗೆ ಆಬರ್ನ್ ಮುಟ್ಟಿ, ಕುದುರೆ ಕೊನೆಯ ತಪಾಸಣೆಯಲ್ಲೂ ಕುಂಟದಿದ್ದರೆ ಬೆಳ್ಳಿ ಬಕಲ್ ಸಿಗುತ್ತದೆ. ಬಂಡೆ ಹತ್ತಿದವರಿಗೂ ಅದೇ, ಬಳಸಿ ಹೋದವರಿಗೂ ಅದೇ.